ಗೀಸರಿನ ವಿಚಾರಣೆ

ಬೀಗಪ್ಪನವರಿಗೆ ಜಗತ್ತಿನಲ್ಲಿ ಸಹಿಸಲಾಗದ ಮಾತು ಒಂದೇ: ‘ಸೋರುತ್ತಿದೆ’. ಅಂಥವರ ಮನೆಯಲ್ಲೇ ಗೀಸರು ಸೋರಬೇಕೆ?

ಬೀಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವರು ಕೆಲಸ ಮಾಡುವ ಮುದ್ರಣಾಲಯದವರು ದಯಪಾಲಿಸಿದ ಬಿರುದು. ಆ ಮುದ್ರಣಾಲಯದಲ್ಲಿ ಅಚ್ಚಾಗುವುದು ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಅಲ್ಲಿನ ಗೌಪ್ಯ ವಿಭಾಗಕ್ಕೆ ಇವರು ಮೇಲ್ವಿಚಾರಕರು. ಕಸದ ಬುಟ್ಟಿಯಲ್ಲಿ ಮುದುಡಿ ಬಿದ್ದ ಕಾಗದವನ್ನೂ ಬಿಡಿಸಿ, ಹಿಂದೆ ಮುಂದೆ ನೋಡಿ, ಆಮೇಲೆ ಸುಡುವುದಕ್ಕೆ ಕಳಿಸುವ ಮನುಷ್ಯ. ಅವರು ಆ ಕುರ್ಚಿಯಲ್ಲಿ ಕೂತ ಮೇಲೆ ಅಲ್ಲಿಂದ ಒಂದು ಪ್ರಶ್ನೆ ಹಾಗಿರಲಿ, ಒಂದು ಪ್ರಶ್ನಾರ್ಥಕ ಚಿಹ್ನೆಯೂ ಹೊರಗೆ ಸೋರಿಲ್ಲ. ಹಾಗಾಗಿ ‘ಬೀಗ’ ಎಂದು ಹೆಸರು ಬಿತ್ತು, ಮರ್ಯಾದೆಗೆಂದು ಹಿಂದೊಂದು ‘ಅಪ್ಪ’ ಅಂಟಿಕೊಂಡಿತು. (ಅವರು ಮಾತುಮಾತಿಗೂ ಬೀಗುವುದನ್ನು ನೋಡಿ ಇಟ್ಟ ಹೆಸರು ಎನ್ನುವವರೂ ಇದ್ದಾರೆ. ಅವರೆಲ್ಲ ಹೆಂಡತಿಯ ಕಡೆಯವರು.)

ಸುದ್ದಿ ಬಂದದ್ದು ಬೆಳಗಿನ ಚಹಾದ ಜೊತೆಯಲ್ಲಿ.

“ರೀ, ನಿಮ್ಮ ಗೀಸರು ಸೋರ್ತಿದೆ.”

ಬೀಗಪ್ಪನವರು ಲೋಟ ಕೆಳಗಿಟ್ಟರು. ನೆಟ್ಟಗಿರುವಾಗ ಅದು ‘ನಮ್ಮ ಗೀಸರು’. ಕೆಟ್ಟರೆ ಮಾತ್ರ ‘ನಿಮ್ಮದು’. ಮಗಳ ಅಂಕಪಟ್ಟಿಯ ವಿಷಯದಲ್ಲೂ ಹೆಂಡತಿಯದು ಇದೇ ವ್ಯಾಕರಣವಾಗಿತ್ತು. ಮಗಳೀಗ ದೂರದೂರಿನಲ್ಲಿ ಓದುತ್ತಿರುವುದರಿಂದ ವ್ಯಾಕರಣವೆಲ್ಲ ಗೀಸರಿನ ಪಾಲಿಗೆ ಬಂದಿತ್ತು.

“ಸೋರ್ತಿದೆ ಅಂದ್ರೆ? ಗ್ಯಾಸೋ ನೀರೋ?”

“ಗ್ಯಾಸ್ ಆಗಿದ್ರೆ ಹೀಗೆ ನಿಂತ್ಕೊಂಡು ಹೇಳ್ತಿದ್ನಾ? ನೀರು ಕಣ್ರೀ. ಕೆಳಗಡೆಯಿಂದ ಟಪ್ ಟಪ್ ಅಂತ ಬೀಳ್ತಿದೆ. ಪ್ಲಂಬರ್‌ಗೆ ಹೇಳಿಕಳಿಸಲಾ?”

“ಖಂಡಿತಾ ಬೇಡ.”

ಈ ‘ಖಂಡಿತಾ ಬೇಡ’ದ ಹಿಂದೆ ಒಂದು ಇತಿಹಾಸವಿದೆ. ಹೆಂಡತಿಯ ತಮ್ಮನದು ವಿದ್ಯುತ್ ಸಾಮಾನುಗಳ ಅಂಗಡಿ. ಅಕ್ಕನ ಮನೆಗೆ ಗೀಸರು ಬೇಕೆಂದು ತಿಳಿದ ದಿನವೇ ಅವನು ಬಿಳಿಯ ದುಂಡನೆಯ ಕರೆಂಟಿನ ಗೀಸರೊಂದರ ಚಿತ್ರ ಹಿಡಿದು ಓಡಿಬಂದಿದ್ದ. ಬೀಗಪ್ಪನವರು ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, “ಬಿಸಿನೀರು ಬೇಕಾದ್ರೆ ಬೆಂಕಿ ಬೇಕು ಮಾರಾಯ. ಇದರೊಳಗೆ ಬೆಂಕಿ ಎಲ್ಲಿದೆ?” ಎಂದು ಕೇಳಿ, ಮರುದಿನವೇ ಇನ್ನೊಂದು ಅಂಗಡಿಯಿಂದ ಗ್ಯಾಸ್ ಗೀಸರು ತಂದು ಅಡುಗೆಮನೆ ಹಿಂದಿನ ಬಾಲ್ಕನಿಯ ಗೋಡೆಗೆ ಕೂರಿಸಿದ್ದರು. ಅಂದಿನಿಂದ ಭಾವಮೈದುನ ಬಂದಾಗಲೆಲ್ಲ ಚಪ್ಪಲಿ ಬಿಡುವುದಕ್ಕೆ ಮೊದಲೇ, “ಭಾವ, ಗೀಸರು ಇನ್ನೂ ಉಸಿರಾಡ್ತಿದ್ಯಾ?” ಎಂದು ರೋಗಿಯನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದ. ಬೀಗಪ್ಪನವರು, “ನಮ್ಮನ್ನೆಲ್ಲ ಕಳಿಸಿಕೊಟ್ಟೇ ಅದು ಹೋಗೋದು” ಎನ್ನುತ್ತಿದ್ದರು.

ಈಗ ಪ್ಲಂಬರ್ ಬಂದನೆಂದರೆ ಸಂಜೆಯೊಳಗೆ ಸುದ್ದಿ ಭಾವಮೈದುನನ ಅಂಗಡಿ ಮುಟ್ಟುತ್ತದೆ, ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವವರು.

“ಸೋರಿಕೆಯ ಮೂಲ ಪತ್ತೆ ಹಚ್ಚೋದು ನನ್ನ ಕಸುಬು ಕಣೇ,” ಎಂದು ಎದ್ದರು ಬೀಗಪ್ಪನವರು. “ನನಗೇ ಇನ್ನೊಬ್ಬರು ಬಂದು ತೋರಿಸಬೇಕಾ?”

ಬಾಲ್ಕನಿಗೆ ಹೋದವರು ಮೊದಲು ಸಿಲಿಂಡರಿನ ಕಡೆ ನೋಡಿದರು. ಹೆಂಡತಿ ಆಗಲೇ ಸಾಬೂನಿನ ನೊರೆಯನ್ನು ಗ್ಯಾಸ್ ಕೊಳವೆಯ ಕೀಲುಗಳಿಗೆಲ್ಲ ಬಳಿದು, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ರೆಗ್ಯುಲೇಟರ್ ಮುಚ್ಚಿದ್ದಳು. ಅಷ್ಟರಮಟ್ಟಿಗೆ ತನಿಖೆ ತನ್ನನ್ನು ಬಿಟ್ಟು ಮುಂದೆ ಹೋಗಿದೆಯಲ್ಲ ಎಂದು ಬೀಗಪ್ಪನವರಿಗೆ ಕಸಿವಿಸಿಯಾಯಿತು. ಆದರೂ ತೋರಿಸಿಕೊಳ್ಳದೆ, “ಹ್ಞೂಂ, ಗ್ಯಾಸು ನಿರ್ದೋಷಿ” ಎಂದು ಘೋಷಿಸಿದರು.

ಗೀಸರಿನ ತಳಭಾಗದಲ್ಲಿ ನಟ್ಟುಗಳು ಸಾಲಾಗಿದ್ದವು: ತಣ್ಣೀರು ಒಳಹೋಗುವುದು ಒಂದು, ಬಿಸಿನೀರು ಹೊರಬರುವುದು ಒಂದು, ಒಳಗೆ ನಿಂತ ನೀರು ಖಾಲಿ ಮಾಡುವ ಪುಟ್ಟ ತಿರುಪು ಒಂದು. ಆ ಪುಟ್ಟ ತಿರುಪಿನ ತುದಿಯಲ್ಲಿ ಒಂದು ಹನಿ ಜೋತುಬಿದ್ದಿತ್ತು, ಬೀಳಲೋ ಬೇಡವೋ ಎಂದು ಯೋಚಿಸುತ್ತಿರುವಂತೆ. ಬೀಗಪ್ಪನವರು ಅದನ್ನು ಒರೆಸಿ, ನೀರು ಹರಿಯುವಾಗ ನೋಡಬೇಕೆಂದು ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ ಬಂದು, ಕೈ ಹಿಂದೆ ಕಟ್ಟಿ ನಿಂತರು.

ಒಂದು ಹನಿಯೂ ಇಲ್ಲ.

ಬಹಳ ಹೊತ್ತು ನಿಂತರು. ಗೀಸರು ಸಾಧುವಿನಂತೆ ಗೋಡೆಗೆ ಒರಗಿಕೊಂಡು ಒಣಗಿತ್ತು. ನಲ್ಲಿ ಮುಚ್ಚಿ, “ನೋಡು, ಎಲ್ಲೂ ಇಲ್ಲ. ಯಾವುದೋ ಒದ್ದೆ ಬಟ್ಟೆ ಝಾಡಿಸಿರ್ತೀಯ” ಎಂದು ಒಳಬಂದು ಅಂಗಿಯ ಗುಂಡಿ ಹಾಕುವಷ್ಟರಲ್ಲಿ, ಬಾಲ್ಕನಿಯಿಂದ ಹೆಂಡತಿಯ ದನಿ ಬಂತು.

“ರೀ! ಮತ್ತೆ ಶುರು!”

ಓಡಿದರು. ಮತ್ತೆ ನಲ್ಲಿ ತೆಗೆದರು. ನಿಂತಿತು. ಮುಚ್ಚಿ ಬಂದರು. ಶುರುವಾಯಿತು. ಹೀಗೆ ಆ ಬೆಳಿಗ್ಗೆ ಬೀಗಪ್ಪನವರು ಬಚ್ಚಲಿಗೂ ಬಾಲ್ಕನಿಗೂ ನಡುವೆ ಓಡಾಡಿದ್ದಕ್ಕೆ ಲೆಕ್ಕವಿಲ್ಲ.

“ನಿಮ್ಮನ್ನ ಕಂಡ್ರೆ ಅದಕ್ಕೂ ಭಯ ಅಂತ ಕಾಣತ್ತೆ,” ಎಂದಳು ಹೆಂಡತಿ ಬಕೆಟ್ಟನ್ನು ಕಾಲಿನಿಂದ ಗೀಸರಿನ ಕೆಳಕ್ಕೆ ತಳ್ಳುತ್ತಾ. “ಪ್ರೆಸ್ಸಿನಲ್ಲಿ ಎಲ್ಲರೂ ನಿಮ್ಮ ಮುಂದೆ ಬಾಯಿ ಮುಚ್ಕೊಂಡಿರ್ತಾರಲ್ಲ, ಹಾಗೆ.”

“ನಾನಿಲ್ಲದಾಗ ಅಲ್ಲಿಯವರೂ ಬಾಯಿ ಬಿಡಲ್ಲ ಕಣೇ. ಇದಕ್ಕೆ ಇನ್ನೂ ಶಿಸ್ತು ಬಂದಿಲ್ಲ. ಕಲಿಸ್ತೀನಿ.”

ಅಂದು ಸಂಜೆ ಕಚೇರಿಯಿಂದ ಬಂದವರೇ ಶಿಸ್ತುಕ್ರಮಕ್ಕೆ ಇಳಿದರು. ಹಳೆಯ ವಾರ್ತಾಪತ್ರಿಕೆಯನ್ನು ಉದ್ದುದ್ದ ಸೀಳಿ, ಒಂದೊಂದು ನಟ್ಟಿಗೂ ಒಂದೊಂದು ಪಟ್ಟಿ ಸುತ್ತಿ ಕಟ್ಟಿದರು. ಯಾವುದು ಮೊದಲು ನೆನೆಯುತ್ತದೋ ಅಲ್ಲೇ ತೂತು. ವಿಚಾರ ಅಚ್ಚುಕಟ್ಟಾಗಿತ್ತು. ಕಾಗದ ಸುತ್ತಿಸಿಕೊಂಡ ಗೀಸರು ಕೈಕಾಲು ಮುರಿದು ಆಸ್ಪತ್ರೆ ಸೇರಿದವನಂತೆ ಕಾಣುತ್ತಿತ್ತು. ನಲ್ಲಿಗಳನ್ನೆಲ್ಲ ಮುಚ್ಚಿ, ಬಾಗಿಲ ಮರೆಗೆ ಸ್ಟೂಲು ಹಾಕಿಕೊಂಡು, ಗೀಸರಿಗೆ ಕಾಣಿಸದ ಹಾಗೆ ಕೂತರು.

“ರೀ, ಪಾತ್ರೆ ತೊಳೀಬೇಕು, ನಲ್ಲಿ ಬಿಡಲಾ?”

“ಶ್!”

“ಗೀಸರಿಗೆ ಕಿವಿ ಇಲ್ಲ ಕಣ್ರೀ.”

ಪಟ್ಟಿಗಳನ್ನು ನೋಡುವ ಹೊತ್ತಿಗೆ ಎಲ್ಲವೂ ನೆನೆದಿದ್ದವು. ತಣ್ಣೀರಿನದು, ಬಿಸಿನೀರಿನದು, ಪುಟ್ಟ ತಿರುಪಿನದು, ಕೊನೆಗೆ ನೀರಿನ ಗೊಡವೆಯೇ ಇಲ್ಲದ ಗ್ಯಾಸ್ ನಟ್ಟಿಗೆ ಸುಮ್ಮನೆ ಕಟ್ಟಿದ್ದ ಪಟ್ಟಿಯೂ ಒದ್ದೆ. ಬೀಗಪ್ಪನವರು ಗಲ್ಲ ತುರಿಸಿಕೊಂಡರು. ಎಲ್ಲರೂ ತಪ್ಪೊಪ್ಪಿಕೊಂಡರೆ ತನಿಖಾಧಿಕಾರಿಗೆ ಅದಕ್ಕಿಂತ ದೊಡ್ಡ ತಲೆನೋವಿಲ್ಲ.

ಆದ್ದರಿಂದ ಸ್ಪ್ಯಾನರ್ ತಂದು, ಗ್ಯಾಸಿನದೊಂದನ್ನು ಬಿಟ್ಟು, ಎಲ್ಲ ನಟ್ಟುಗಳನ್ನೂ ಒಂದು ಸುತ್ತು ಬಿಗಿದರು. ಹಲ್ಲು ಕಚ್ಚಿ ಇನ್ನರ್ಧ ಸುತ್ತು ಬಿಗಿದರು. ಅಲ್ಲಿಯವರೆಗೆ ಮರ್ಯಾದಸ್ಥನಾಗಿದ್ದ ತಣ್ಣೀರಿನ ನಟ್ಟಿನ ವಾಷರ್ ಕಿರ್‍ರೆಂದು ಹರಿದು, ಅಲ್ಲಿಂದಲೂ ನೀರು ಒಸರತೊಡಗಿತು. ಈಗ ಸೋರಿಕೆ ಎರಡಾಯಿತು. ಒಂದು ಗೀಸರಿನ ಸ್ವಂತದ್ದು, ಇನ್ನೊಂದು ಬೀಗಪ್ಪನವರ ಕೊಡುಗೆ.

ವಾಷರ್ ತಂದು ಹಾಕಿ ಕೊಡುಗೆಯನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯ ಟೈಲರಮ್ಮ. ಕೈಯಲ್ಲೊಂದು ಅರೆ ಹೊಲಿದ ಕೋಟು, ಅದರ ಬೆನ್ನ ಮೇಲೆ ತಟ್ಟೆಯಗಲದ ಒದ್ದೆ ಗುರುತು.

“ಅಣ್ಣಾ, ನಿಮ್ಮ ಬಾಲ್ಕನಿ ನೀರು ನನ್ನ ಮಿಷನ್ನಿನ ಮೇಲೆ ಇಳೀತಿದೆ. ಇದು ಯಾರದು ಗೊತ್ತಾ? ಮದುವೆ ಗಂಡಿನ ಕೋಟು. ಬೆನ್ನಿನ ಮೇಲೆ ಕಲೆ ನಿಂತ್ರೆ ಆ ಹುಡುಗ ಮದುವೆ ದಿನ ಇಡೀ ಗೋಡೆಗೊರಗಿ ನಿಂತಿರಬೇಕಾಗುತ್ತೆ.”

“ಒರೆಸಿಬಿಡೋಣ ಬಾ ತಾಯಿ…” ಎಂದು ಹೆಂಡತಿ ಮುಂದೆ ಬಂದಳು.

“ಕೋಟು ಒಣಗಿಸ್ತೀನಿ ಅಕ್ಕಾ, ಅದು ಬಿಡಿ. ಮುಂದಿನ ವಾರದಿಂದ ಮದುವೆ ಬಟ್ಟೆಗಳೇ ಬರೋದು ನನಗೆ. ಮಿಷನ್ ಎಲ್ಲಿಗೆ ತಳ್ಳಲಿ? ಇರೋದೇ ಒಂದು ಕೋಣೆ. ಭಾನುವಾರದೊಳಗೆ ನಿಲ್ಲಿಸಿಕೊಡಿ, ಇಲ್ಲಾಂದ್ರೆ ನಾನೇ ಪ್ಲಂಬರನ್ನ ಕರ್ಕೊಂಡು ಬರ್ತೀನಿ.”

“ಭಾನುವಾರ ಸಂಜೆಯ ಮೇಲೆ ಒಂದು ಹನಿ ಬಿದ್ರೆ ನನ್ನನ್ನ ಕೇಳಮ್ಮ,” ಎಂದರು ಬೀಗಪ್ಪನವರು ಎದೆಯ ಮೇಲೆ ಸ್ಪ್ಯಾನರ್ ಇಟ್ಟುಕೊಂಡು.

ಟೈಲರಮ್ಮ ಹೋದ ಮೇಲೆ ಹೆಂಡತಿ ಮೆತ್ತಗೆ, “ಅವಳ ಹೊಟ್ಟೆಪಾಡು ರೀ ಅದು. ಹಟಕ್ಕೆ ಬೀಳಬೇಡಿ” ಎಂದಳು. ಬೀಗಪ್ಪನವರಿಗೂ ಆ ಕೋಟಿನ ಒದ್ದೆ ಬೆನ್ನು ಕಣ್ಣಿನಿಂದ ಮರೆಯಾಗಿರಲಿಲ್ಲ. ಆದರೆ ಹಟಕ್ಕೆ ಬೀಳುವುದು ಬಿಟ್ಟರೆ ಬೇರೆ ಯಾವುದಕ್ಕೂ ಬೀಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಮರುದಿನವೆಲ್ಲ ಕಚೇರಿಯಲ್ಲಿ ತಲೆಯ ತುಂಬ ಗೀಸರೇ. ಹೊರಗಿನಿಂದ ಎಲ್ಲ ನಟ್ಟುಗಳೂ ಬಿಗಿಯಾಗಿವೆ, ಆದರೂ ಎಲ್ಲವೂ ಒದ್ದೆ. ಅಂದ ಮೇಲೆ ನೀರು ಒಳಗಿನಿಂದಲೇ ಬರುತ್ತಿರಬೇಕು. ಡಬ್ಬಿಯೊಳಗೆ ತಾಮ್ರದ ಸುರುಳಿ ಎಲ್ಲೋ ತೂತಾಗಿದೆ! ಈ ಸತ್ಯ ಹೊಳೆದದ್ದೇ ತಡ, ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೌಪ್ಯ ವಿಭಾಗದೊಳಗೆ ಮೊಬೈಲು ತರುವ ಹಾಗಿಲ್ಲ (ನಿಯಮ ಮಾಡಿದವರು ಅವರೇ). ಹಜಾರದ ಮೂಲೆಯ ಫೋನಿಗೆ ಹೋಗಿ, ಅತ್ತಿತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಮನೆಗೆ ಮಾತಾಡಿದರು.

“ಹಲೋ, ನಾನು. ಸೋರಿಕೆ ಎಲ್ಲಿಂದ ಅಂತ ಗೊತ್ತಾಯ್ತು… ಹೊರಗಿನವರದ್ದಲ್ಲ, ಒಳಗಿನಿಂದಲೇ ಆಗ್ತಿದೆ. ನನಗೆ ಮೊದಲೇ ಅನುಮಾನ ಇತ್ತು… ಬೇಡ, ಯಾರಿಗೂ ಹೇಳಬೇಡ. ನಿನ್ನ ತಮ್ಮನ ಕಿವಿಗಂತೂ ಬೀಳಲೇಬಾರದು… ಭಾನುವಾರದವರೆಗೆ ಹೇಗಾದರೂ ಮುಚ್ಚಿಡು. ಭಾನುವಾರ ನಾನೇ ಬಿಚ್ಚಿ ನೋಡಿ ಎಲ್ಲಾ ಸರಿ ಮಾಡ್ತೀನಿ.”

ಫೋನಿಟ್ಟು ತಿರುಗಿದರೆ ಹಿಂದೆ ಯಾರೂ ಇರಲಿಲ್ಲ. ಆದರೆ ಮ್ಯಾನೇಜರ್ ಸಾಹೇಬರ ಕೋಣೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು, ನಿಧಾನವಾಗಿ ಮುಚ್ಚಿಕೊಂಡಿತು. ಬೀಗಪ್ಪನವರು ಅದನ್ನು ಗಮನಿಸಲಿಲ್ಲ. ಅವರಾಗಲೇ ಮನಸ್ಸಿನಲ್ಲಿ ಸ್ಕ್ರೂ ಬಿಚ್ಚುತ್ತಿದ್ದರು.

ಭಾನುವಾರ ಬಂತು. ಬೀಗಪ್ಪನವರು ಹಳೆಯ ಚಡ್ಡಿ, ತೂತು ಬನಿಯನ್ನು ಧರಿಸಿ ಯುದ್ಧಸನ್ನದ್ಧರಾದರು. ಸಿಲಿಂಡರ್ ಮುಚ್ಚಿ ಗ್ಯಾಸ್ ಕೊಳವೆ ಕಳಚಿದರು. ಗೀಸರಿಗೆ ನೀರು ಬಿಡುವ ವಾಲ್ವನ್ನೂ ಮುಚ್ಚಿದರು. ಹಾಸಿದ ಚಾದರದ ಮೇಲೆ ಸ್ಕ್ರೂಡ್ರೈವರ್, ಸ್ಪ್ಯಾನರ್, ಇಕ್ಕಳ, ಟಾರ್ಚು ಇವುಗಳನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿನಂತೆ ಜೋಡಿಸಿ, ಮೊದಲ ಸ್ಕ್ರೂವಿಗೆ ಕೈ ಹಾಕುವಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಹೆಂಡತಿ ಬಂದು ಪಿಸುಗುಟ್ಟಿದಳು.

“ರೀ, ನಿಮ್ಮ ಮ್ಯಾನೇಜರ್ ಸಾಹೇಬ್ರು. ಮುಖ ನೋಡಿದ್ರೆ ಯಾರೋ ಹೋಗಿಬಿಟ್ಟ ಹಾಗಿದೆ.”

ಸಾಹೇಬರು ಹಜಾರದ ನಡುವೆ ನಿಂತಿದ್ದರು. ನಿದ್ದೆಗೆಟ್ಟ ಕಣ್ಣು. ಕೂರಿ ಎಂದರೆ ಕೂರಲಿಲ್ಲ.

“ಬೀಗಪ್ಪ, ನಿಮ್ಮ ಮೇಲೆ ನನಗೆ ಎಂಥಾ ನಂಬಿಕೆ ಇತ್ತು ಗೊತ್ತಾ? ಮೇಲಿನವರಿಗೆ ತಿಳಿಸೋ ಮೊದಲು ನಿಮ್ಮ ಬಾಯಿಂದಲೇ ಕೇಳಬೇಕು ಅಂತ ಬಂದೆ. ಸುಳ್ಳು ಹೇಳಬೇಡಿ. ಸೋರಿಕೆ ಆಗಿದ್ಯಾ ಇಲ್ವಾ?”

ಬೀಗಪ್ಪನವರಿಗೆ ಕಣ್ಣು ತುಂಬಿ ಬಂತು. ಒಬ್ಬ ನೌಕರನ ಗೀಸರಿನ ಬಗ್ಗೆ ಇಷ್ಟೊಂದು ಕಳಕಳಿ!

“ಆಗಿದೆ ಸರ್. ನಿಮಗೆ ಯಾರು ಹೇಳಿದ್ರು?”

ಸಾಹೇಬರು ಸೋಫಾದ ಕೈ ಹಿಡಿದುಕೊಂಡರು. “ಯಾವಾಗಿಂದ?”

“ಈ ವಾರದಿಂದ ಸರ್. ಮೊದಲು ಸ್ವಲ್ಪ ಸ್ವಲ್ಪ ಹೋಗ್ತಿತ್ತು. ಈಗ ದಿನಕ್ಕೆ ಅರ್ಧ ಬಕೆಟ್.”

“ಬಕೆಟ್ಟಿನಲ್ಲಾ!” ಸಾಹೇಬರ ಕಣ್ಣ ಮುಂದೆ ಬಕೆಟ್ಟು ಬಕೆಟ್ಟು ಪ್ರಶ್ನೆಪತ್ರಿಕೆಗಳು ಹಾದುಹೋದವು. “ಅಯ್ಯೋ ದೇವರೇ. ಯಾರ ಕೈಗೆ ಹೋಗಿದೆ?”

“ಕೈಗೆ ಅಂತ ಅಲ್ಲ ಸರ್. ಕೆಳಮನೆ ಟೈಲರಮ್ಮನ ತಲೆ ಮೇಲೆ ಹೋಗಿದೆ.”

“ಟೈಲರಮ್ಮ? ಅವಳ್ಯಾಕೆ ಪರೀಕ್ಷೆ ಬರೀತಾಳೆ?”

“ಪರೀಕ್ಷೆ ಇಲ್ಲ ಸರ್, ಅವಳ ಹತ್ರ ಮದುವೆ ಗಂಡೊಬ್ಬನ…”

“ಅವನಿಗೂ ಹೋಗಿದ್ಯಾ?”

“ಬೆನ್ನಿಗೆ ಹೋಗಿದೆ ಸರ್.”

ಸಾಹೇಬರು ಈಗ ಕೂತೇಬಿಟ್ಟರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ದನಿ ತಗ್ಗಿಸಿ, “ಮಾಲು ಎಲ್ಲಿದೆ? ತೋರಿಸಿ” ಎಂದರು.

“ಬನ್ನಿ ಸರ್, ಹಿಂದೆ ಬಾಲ್ಕನಿಯಲ್ಲೇ ಇದೆ. ಈಗಷ್ಟೇ ಬಿಚ್ಚೋಕೆ ಕೂತಿದ್ದೆ.”

ಬಾಲ್ಕನಿಯ ಬಾಗಿಲಲ್ಲಿ ನಿಂತು ಸಾಹೇಬರು ಗೀಸರನ್ನು ನೋಡಿದರು, ಬಕೆಟ್ಟನ್ನು ನೋಡಿದರು, ಬೀಗಪ್ಪನವರ ತೂತು ಬನಿಯನ್ನನ್ನು ನೋಡಿದರು. ಆಮೇಲೆ ಅವರ ಹೊಟ್ಟೆಯ ಆಳದಿಂದ ಒಂದು ಸದ್ದು ಹೊರಟಿತು. ಅವರು ಅಳುತ್ತಿದ್ದಾರೆಂದು ತಿಳಿದು ಹೆಂಡತಿ ನೀರು ತಂದಳು. ಸಾಹೇಬರು ನಗುತ್ತಿದ್ದರು. ನಗು ನಿಂತ ಮೇಲೆ ಫೋನಿನಲ್ಲಿ ತಾವು ಕೇಳಿಸಿಕೊಂಡದ್ದನ್ನು ವಿವರಿಸಿದರು. ಕೇಳುತ್ತಾ ಕೇಳುತ್ತಾ ಬೀಗಪ್ಪನವರ ಮುಖ ಸುಣ್ಣದಂತೆ ಬಿಳಚಿಕೊಂಡಿತು. ಇನ್ನೊಂದು ದಿನ ತಡವಾಗಿದ್ದರೆ ಬೀಗ ಜೈಲಿನ ಬಾಗಿಲಿಗೆ ಬೀಳುತ್ತಿತ್ತು, ಒಳಗೆ ಬೀಗಪ್ಪ ಇರುತ್ತಿದ್ದರು!

ಒಂದು ವಾರದ ಭಾರ ಇಳಿದ ಉತ್ಸಾಹದಲ್ಲಿ ಸಾಹೇಬರು ಅಂಗಿಯ ತೋಳು ಮಡಚಿದರು. “ಕೊಡಿ ಇಲ್ಲಿ ಒಂದು ಸ್ಕ್ರೂಡ್ರೈವರ್. ಈ ವಾರವೆಲ್ಲ ನನ್ನ ನಿದ್ದೆ ಕೆಡಿಸಿದ ಸೋರಿಕೆ ಇದು. ಇದರ ಮೂಲ ನೋಡದೆ ನಾನು ಮನೆಗೆ ಹೋಗಲ್ಲ.”

ಒಬ್ಬ ಹಟಮಾರಿಯೇ ಮನೆಗೆ ಸಾಕಾಗಿದ್ದ ಹೆಂಡತಿ ಇಬ್ಬರನ್ನು ಒಟ್ಟಿಗೆ ನೋಡಿ ಚಹಾ ಇಡಲು ಹೋದಳು.

ಮುಂದಿನ ಕಾಂಡ ಬೇಗ ಬೇಗ ನಡೆಯಿತು. ಎದುರಿನ ಮುಚ್ಚಳ ಕಳಚಿ ಬಂತು. ಒಳಗೆ ತಾಮ್ರದ ಸುರುಳಿ ಮಿರಮಿರ ಮಿಂಚುತ್ತಿತ್ತು, ಒದ್ದೆಯ ಸುಳಿವಿಲ್ಲ. “ಹಿಂದೆ ಇರಬೇಕು,” ಎಂದರು ಸಾಹೇಬರು. ಸುರುಳಿ ಬಿಚ್ಚಿದರು. “ಇನ್ನೂ ಒಳಗಿರಬೇಕು,” ಎಂದರು ಬೀಗಪ್ಪನವರು. ಬರ್ನರ್ ಬಿಚ್ಚಿದರು. ನೀರಿನ ಒತ್ತಡಕ್ಕೆ ಬೆಂಕಿ ಹೊತ್ತಿಸುವ ರಬ್ಬರಿನ ಪೊರೆಯೊಂದು ಒಂದು ಡಬ್ಬಿಯೊಳಗಿತ್ತು, ಆ ಡಬ್ಬಿಯನ್ನು ಬಿಚ್ಚಿದರು. ಅದರೊಳಗಿಂದ ಒಂದು ಸ್ಪ್ರಿಂಗು ಟಣ್ಣನೆ ಹಾರಿ, ಬಾಲ್ಕನಿಯ ಕಂಬಿ ದಾಟಿ ಬೀದಿಗೆ ಹೋಯಿತು. ಇಬ್ಬರೂ ಅದು ಹೋದ ದಿಕ್ಕನ್ನು ಗೌರವದಿಂದ ನೋಡಿದರು.

“ಮುಖ್ಯವಾದದ್ದೇನಲ್ಲ ಅಂತ ಕಾಣತ್ತೆ,” ಎಂದರು ಸಾಹೇಬರು.

“ಮುಖ್ಯವಾಗಿದ್ದಿದ್ರೆ ಇಷ್ಟು ಸುಲಭವಾಗಿ ಬಿಟ್ಟು ಹೋಗ್ತಿರಲಿಲ್ಲ ಸರ್,” ಎಂದರು ಬೀಗಪ್ಪನವರು.

ಕೊನೆಗೆ ಗೀಸರಿನ ಬೆನ್ನ ತಗಡನ್ನೂ ಮೊಳೆಯಿಂದ ಇಳಿಸಿ ಚಾದರದ ಮೇಲೆ ಮಲಗಿಸಿದರು. ಗೋಡೆ ಬೋಳಾಯಿತು. ಗೀಸರೆಂಬುದು ಈಗ ಚಾದರದ ತುಂಬ ಹರಡಿದ ಬಿಡಿಭಾಗಗಳು ಮಾತ್ರ. ಯಾವುದರಲ್ಲೂ ಒಂದು ತೂತಿಲ್ಲ, ಬಿರುಕಿಲ್ಲ, ತುಕ್ಕಿಲ್ಲ.

ಆಗ ಕೇಳಿಸಿತು. ಟಪ್.

ಮತ್ತೆ, ಟಪ್.

ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. “ಏನ್ರೀ ಇದು? ಗೀಸರೇ ಇಲ್ಲ, ಇನ್ನೂ ಸೋರ್ತಿದ್ಯಲ್ಲ!”

ಬೀಗಪ್ಪನವರು ನಿಧಾನವಾಗಿ ಎದ್ದರು. ಟಾರ್ಚು ಹಿಡಿದರು. ನೀರು ಬೋಳು ಗೋಡೆಯ ಮೇಲೆ ತೆಳ್ಳನೆಯ ಗೆರೆಯಾಗಿ ಇಳಿಯುತ್ತಿತ್ತು. ಗೆರೆಯ ಹಿಂದೆ ಬೆಳಕು ಮೇಲಕ್ಕೆ ಹತ್ತಿತು. ಗೀಸರು ಇದ್ದ ಜಾಗ ದಾಟಿ, ಅದರ ತಲೆಯ ಮೇಲಿನ ಹಲಗೆಯ ಅಡಿಗೆ, ಖಾಲಿ ಡಬ್ಬಿಗಳ ಹಿಂದಿನ ಕತ್ತಲಿಗೆ ಹೋಯಿತು. ಅಲ್ಲಿ, ಮಹಡಿಯ ಟ್ಯಾಂಕಿನಿಂದ ಇಳಿದ ಪೈಪು ತಿರುವು ತೆಗೆದುಕೊಳ್ಳುವ ಕಡೆ, ಮೊಣಕೈಯಂತೆ ಬಾಗಿದ ಎಲ್ಬೋ ಎಂಬ ತುಂಡಿನ ಅಂಚಿನಲ್ಲಿ ಒಂದು ಹನಿ ಹುಟ್ಟುತ್ತಿತ್ತು. ಅದು ದಪ್ಪವಾಗಿ, ಪೈಪಿನ ಮೇಲೆ ಜಾರಿ, ಗೋಡೆಗೆ ಇಳಿಯಿತು. ಇಷ್ಟು ದಿನ ಅದು ಗೀಸರಿನ ಬೆನ್ನ ಹಿಂದೆ ಇಳಿದು, ತಗಡಿನ ಮೇಲೆಲ್ಲ ಹರಡಿ, ಕೆಳಗಿನ ನಟ್ಟುಗಳನ್ನೆಲ್ಲ ಸವರಿಕೊಂಡು, ಪುಟ್ಟ ತಿರುಪಿನ ತುದಿಯಿಂದ ಬೀಳುತ್ತಿತ್ತು. ಯಾವುದಾದರೂ ನಲ್ಲಿ ತೆಗೆದರೆ ಪೈಪಿನ ಒತ್ತಡ ಇಳಿದು ಒಸರುವುದು ನಿಲ್ಲುತ್ತಿತ್ತು, ಮುಚ್ಚಿದರೆ ಶುರುವಾಗುತ್ತಿತ್ತು. ಬೀಗಪ್ಪನವರು ಇಷ್ಟು ದಿನ ಬಿದ್ದ ಜಾಗವನ್ನು ನೋಡುತ್ತಿದ್ದರೇ ಹೊರತು, ಮೇಲಕ್ಕೆ ಒಮ್ಮೆಯೂ ಕತ್ತೆತ್ತಿರಲಿಲ್ಲ.

“ಸಿಕ್ಕಿತು!” ಅವರ ಕೂಗಿಗೆ ಕೆಳಗೆ ಟೈಲರಮ್ಮನ ಮಿಷನ್ನು ನಿಂತಿತು. “ಸಿಕ್ಕಿತು ಸರ್! ನನ್ನ ಗೀಸರು ನಿರಪರಾಧಿ! ತಪ್ಪು ಪೈಪಿನದು!”

ಟ್ಯಾಂಕಿನ ವಾಲ್ವು ಮುಚ್ಚಿ, ಎಲ್ಬೋ ತಿರುಗಿಸಿ, ಬಿಳಿ ಟೇಪು ಸುತ್ತಿ, ಮತ್ತೆ ಬಿಗಿದು, ಗೀಸರಿನ ಬಾಯಿಗೆ ಹೋಗುವ ತುದಿಗೊಂದು ಮುಚ್ಚಳ ತಿರುಗಿಸಿದರು. ನೀರು ಬಿಟ್ಟು, ಕೈ ಕಟ್ಟಿ ಕಾದರು. ಗೋಡೆ ಒಣಗಿತು. ಬಕೆಟ್ಟು ಸುಮ್ಮನಾಯಿತು. ಟೈಲರಮ್ಮನೇ ಮೇಲೆ ಬಂದು, ತನ್ನ ಮಿಷನ್ನಿನ ಮೇಲೆ ಇನ್ನು ಹನಿಯಿಲ್ಲವೆಂದೂ ಗಂಡಿನ ಬೆನ್ನಿಗೆ ಕಲೆ ನಿಂತಿಲ್ಲವೆಂದೂ ತಿಳಿಸಿ, ಕೈ ಮುಗಿದು ಹೋದಳು. ಸಾಹೇಬರು ಬೀಗಪ್ಪನವರ ಬೆನ್ನು ತಟ್ಟಿ, “ನೀವು ಬೀಗ ಅಲ್ಲ, ಬೀಗದ ಕೈ” ಎಂದು ಬಡ್ತಿ ಕೊಟ್ಟು ಹೊರಟರು. ಬೀಗಪ್ಪನವರು ಹೆಂಡತಿಯ ಕಡೆ ತಿರುಗಿದರು. ಅಂಥ ನಗು ಅವರ ಮುಖದಲ್ಲಿ ಮದುವೆಯ ಫೋಟೋದಲ್ಲೂ ಇರಲಿಲ್ಲ.

“ನೋಡಿದ್ಯಾ? ನಿನ್ನ ತಮ್ಮ ಏನಂತಿದ್ದ? ಗ್ಯಾಸ್ ಗೀಸರು ಬಾಳಿಕೆ ಬರಲ್ಲ ಅಂತಿದ್ದ. ಇವತ್ತು ಒಂದೊಂದು ಭಾಗವನ್ನೂ ಬಿಡಿಸಿ ನೋಡಿದೀನಿ. ಒಂದು ಕಡೆ, ಒಂದೇ ಒಂದು ಕಡೆ ದೋಷ ಇದ್ರೆ ಹೇಳು!”

“ದೋಷ ಇಲ್ಲಾರೀ, ಒಪ್ಕೊಂಡೆ.” ಹೆಂಡತಿ ಚಾದರದ ಕಡೆ ಕೈ ತೋರಿದಳು. “ಈಗ ಜೋಡಿಸಿ.”

ಬೀಗಪ್ಪನವರು ಚಾದರದ ಕಡೆ ನೋಡಿದರು. ಬಿಚ್ಚುವಾಗ ಒಂದೊಂದೂ ತಾನಾಗಿ ಕೈಗೆ ಬಂದಿತ್ತು. ಈಗ ನೋಡಿದರೆ ಯಾವುದಕ್ಕೂ ಯಾವುದರ ಪರಿಚಯವೇ ಇರಲಿಲ್ಲ. ಮಧ್ಯಾಹ್ನವೆಲ್ಲ ಜೋಡಿಸಿದರು. ಒಮ್ಮೆ ಜೋಡಿಸಿದಾಗ ಅಂಗೈ ತುಂಬ ಸ್ಕ್ರೂ ಉಳಿಯಿತು. ಇನ್ನೊಮ್ಮೆ ಬರ್ನರೇ ಹೊರಗುಳಿಯಿತು. ಮುಚ್ಚಳ ಮುಚ್ಚಿಕೊಂಡ ಒಂದೇ ಸಲ ಅದು ತಲೆಕೆಳಗಾಗಿತ್ತು. ಬೀದಿಗೆ ಹಾರಿದ ಸ್ಪ್ರಿಂಗನ್ನು ಹುಡುಕಿಕೊಂಡು ಚಡ್ಡಿಯಲ್ಲೇ ಕೆಳಗಿಳಿದು, ಚರಂಡಿಯ ಅಂಚಿನಲ್ಲಿ ಬಗ್ಗಿ ನಡೆಯುತ್ತಿದ್ದಾಗ ಎದುರಿಗೆ ಎರಡು ಹೊಳೆಯುವ ಬೂಟುಗಳು ಕಂಡವು. ತಲೆ ಎತ್ತಿದರೆ ಭಾವಮೈದುನ.

“ಏನು ಭಾವ, ಏನೋ ಕಳೆದುಕೊಂಡ ಹಾಗಿದೆ?”

“ಏನಿಲ್ಲ ಮಾರಾಯ, ಗಾಳಿಗೆ ಬಂದೆ.”

ಮೇಲೆ ಬಂದ ಭಾವಮೈದುನ ಚಾದರದ ಮುಂದೆ ನಿಂತು, ಬೂಟು ಬಿಚ್ಚಿದ. ಉಸಿರಾಡ್ತಿದ್ಯಾ ಎಂದು ಈ ಸಲ ಕೇಳಲಿಲ್ಲ. ಅಕ್ಕನ ಮುಖ ನೋಡಿದ, ಅಷ್ಟೆ. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

“ಹಾಗಾದ್ರೆ ಗೀಸರಿನ ತಪ್ಪೇನೂ ಇರಲಿಲ್ಲ?” ಎಂದ ಅವನು.

“ಎಳ್ಳಷ್ಟೂ ಇರಲಿಲ್ಲ,” ಎಂದರು ಬೀಗಪ್ಪನವರು ಬರ್ನರನ್ನು ಎದೆಗವಚಿಕೊಂಡು. “ತೀರ್ಪು ನಿರ್ದೋಷಿ ಅಂತಲೇ ಬಂದಿದೆ. ಸ್ವಲ್ಪ ತಡವಾಯ್ತು, ಅಷ್ಟೇ. ನಾಳೆ ಒಂದು ಸ್ಪ್ರಿಂಗು ತಂದು ಜೋಡಿಸಿದ್ರೆ ಉರಿಯುತ್ತೆ.”

ಆಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಇಷ್ಟು ದಿನ ಬಕೆಟ್ಟು ಖಾಲಿ ಮಾಡಿದ ಕೈಗಳು ಅವು.

“ಕೇಳಿ ಇಲ್ಲಿ. ನೀವು ಬಿಗಿದ ನೀರಿನ ನಟ್ಟು ಸೋರ್ತು, ನಾನು ನೆಲ ಒರೆಸಿದೆ. ನೀವು ಜೋಡಿಸಿದ ಗ್ಯಾಸು ಸೋರಿದ್ರೆ ಒರೆಸೋದಕ್ಕೆ ನಾನೂ ಇರಲ್ಲ, ನೆಲವೂ ಇರಲ್ಲ. ಅದಕ್ಕೆ ಇನ್ನು ಈ ಮನೇಲಿ ಸ್ನಾನದ ನೀರಿಗೆ ಬೆಂಕಿ ಹಚ್ಚೋ ಹಾಗಿಲ್ಲ.”

ಬೀಗಪ್ಪನವರು ಬರ್ನರನ್ನು ಚಾದರದ ಮೇಲೆ ಇಟ್ಟರು. ವಾದದಲ್ಲಿ ಒಂದು ತೂತೂ ಇರಲಿಲ್ಲ.

ಎರಡು ದಿನದಲ್ಲಿ ಬಿಳಿಯ ದುಂಡನೆಯ ಗೀಸರು ಬಚ್ಚಲುಮನೆಯ ಗೋಡೆ ಏರಿತು. ಹೆಂಡತಿ ಮಿಂದು ಬಂದು, “ಎಷ್ಟು ಹಿತವಾಗಿದೆ ಗೊತ್ತಾ!” ಎಂದಳು. ಬೀಗಪ್ಪನವರು ಹೆಗಲಿಗೆ ಟವಲು ಹಾಕಿಕೊಂಡು ಶಪಥ ಮಾಡಿದರು. “ನೀವೆಲ್ಲ ಮೀಯಿರಿ. ಬೆಂಕಿ ಇಲ್ಲದ ಬಿಸಿನೀರು ನನ್ನ ಮೈಗೆ ಸೋಕಬಾರದು. ನನಗೆ ತಣ್ಣೀರೇ ಸಾಕು. ನರನಾಡಿಗಳಿಗೆ ಬಲ.”

ಮೊದಲ ದಿನ ಅವರ ನರನಾಡಿಗಳಿಗೆ ಬಲ ಬಂದ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಎರಡನೆಯ ದಿನ ಸದ್ದು ಕಡಿಮೆಯಾಯಿತು, ಹಲ್ಲು ಕಟಕಟನೆ ಕಡಿಯುತ್ತಿದ್ದುದರಿಂದ ಕೂಗುವುದಕ್ಕೆ ಬಾಯಿ ಬಿಡಲಾಗುತ್ತಿರಲಿಲ್ಲ. ಚಹಾದ ಲೋಟ ಹಿಡಿದ ಕೈ ಮಧ್ಯಾಹ್ನದವರೆಗೂ ನಡುಗುತ್ತಿತ್ತಂತೆ. ಶೀತ ಹಿಡಿದು, ಮೂಗು ಕೆಂಪಾಗಿ, ಸೀನಿನ ಮೇಲೆ ಸೀನು ಬರತೊಡಗಿತು. ಆದರೂ ಹಟ ಹಟವೇ. ಮೂರನೆಯ ದಿನ ಬೆಳಿಗ್ಗೆ ಹೆಂಡತಿ, “ನಿಮ್ಮ ತಣ್ಣೀರು ನಾನೇ ತುಂಬಿಸಿಟ್ಟಿದೀನಿ, ಹೋಗಿ” ಎಂದಳು. ಬೀಗಪ್ಪನವರು ಗಲ್ಲಿಗೇರುವ ವೀರನ ನಡಿಗೆಯಲ್ಲಿ ಹೋಗಿ ಬಾಗಿಲು ಹಾಕಿಕೊಂಡರು.

ಒಳಗಿನಿಂದ ಕೂಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗುನುಗುವುದು ಕೇಳಿಸಿತು. ಆಮೇಲೆ ಗುನುಗು ಬೆಳೆದು ಹಾಡಾಯಿತು. ಬೇಗ ಬರುವ ಲಕ್ಷಣವೇ ಕಾಣಲಿಲ್ಲ.

ಅಂತೂ ಬಾಗಿಲು ತೆರೆದು ಹೊರಬಂದಾಗ ಊಟದ ಮೇಜಿನ ಹತ್ತಿರ ಹೆಂಡತಿಯೂ, ಅಂಗಡಿಗೆ ಹೋಗುವ ದಾರಿಯಲ್ಲಿ ಬಂದಿದ್ದ ಅವಳ ತಮ್ಮನೂ ಕೂತಿದ್ದರು. ಬೀಗಪ್ಪನವರು ಅವರಿಬ್ಬರ ಮುಂದೆ ಎದೆಯುಬ್ಬಿಸಿ ನಿಂತರು. ಮೂರು ದಿನದಲ್ಲಿ ಮೊದಲ ಬಾರಿಗೆ ಅವರ ಮೈಯಲ್ಲಿ ನಡುಕವಿರಲಿಲ್ಲ.

“ನೋಡು ಮಾರಾಯ, ಮನುಷ್ಯನಿಗೆ ಬೇಕಾದ್ದು ನಿರ್ಧಾರ. ಒಂದೆರಡು ದಿನ ಕಷ್ಟ ಅನ್ನಿಸುತ್ತೆ, ಆಮೇಲೆ ಮೈ ತಾನಾಗಿ ಒಗ್ಗಿಕೊಳ್ಳುತ್ತೆ. ಇವತ್ತು ಆ ತಣ್ಣೀರೇ ನನಗೆ ಎಷ್ಟು ಬೆಚ್ಚಗೆ ಅನ್ನಿಸಿತು ಗೊತ್ತಾ? ನೀವು ಬಿಸಿನೀರಿನ ಗುಲಾಮರು, ನಿಮಗೆ ಇದೆಲ್ಲ ಅರ್ಥ ಆಗಲ್ಲ.”

“ಹೌದು ಭಾವ,” ಎಂದ ಭಾವಮೈದುನ, ಮೇಜಿನ ಕೆಳಗೆ ಅಕ್ಕ ಕಾಲು ತುಳಿದದ್ದರಿಂದ ಬಹಳ ವಿನಯವಾಗಿ.

ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ಅವಳ ಭುಜಗಳು ಅಲುಗುತ್ತಿದ್ದವು.

“ಚಳಿ ಅನ್ನೋದು ಬರೀ ಮನಸ್ಸಿನ ಭ್ರಮೆ ಕಣೋ,” ಎನ್ನುತ್ತಾ ಬೀಗಪ್ಪನವರು ಕನ್ನಡಕ ತೆಗೆದು, ಅದರ ಎರಡೂ ಗಾಜುಗಳ ಮೇಲೆ ದಟ್ಟವಾಗಿ ಕಟ್ಟಿದ್ದ ಹಬೆಯನ್ನು ಟವಲಿನ ಅಂಚಿನಿಂದ ನಿಧಾನವಾಗಿ ಒರೆಸಿಕೊಂಡರು.